ಮಂಗಳೂರಲ್ಲಿ ಕ್ಲಿನಿಕ್ ಹಾಕಬಹುದಾ? ಹಾಕಿ, ಆದರೆ ಕಂಕನಾಡಿಯಲ್ಲಿ ಬೇಡ

ಹಾವೇರಿ ಕಡೆಯವರು, ಎಂಡಿ ಮೆಡಿಸಿನ್ ಮುಗಿದಿದೆ, ಮಂಗಳೂರಲ್ಲಿ ಸ್ವಂತ ಕ್ಲಿನಿಕ್ ಹಾಕಿದರೆ ನಡೆಯುತ್ತದಾ ಅಂತ ಕೇಳಿದ್ದೀರಿ. ನಾನೂ ಘಟ್ಟದ ಮೇಲಿಂದ ಬಂದು ಇಲ್ಲಿ ಫಿಸಿಷಿಯನ್, ಅಂದರೆ ಎಲ್ಲಾ ಬಗೆಯ ಕಾಯಿಲೆ ನೋಡುವ ಡಾಕ್ಟರ್, ಆಗಿರುವವನು. ನಡೆಯುತ್ತದೆ. ಬೋರ್ಡ್ ಎಲ್ಲಿ ಹಾಕುತ್ತೀರಿ ಅನ್ನುವುದೇ ಪ್ರಶ್ನೆ.

ಕೆಎಂಸಿ, ಫಾದರ್ ಮುಲ್ಲರ್, ಎ.ಜೆ., ಯೆನೆಪೊಯ, ಕೆ.ಎಸ್. ಹೆಗ್ಡೆ, ಕಣಚೂರು, ಶ್ರೀನಿವಾಸ. ಇಷ್ಟೂ ಮೆಡಿಕಲ್ ಕಾಲೇಜು ಒಂದೇ ಊರಿನ ಸುತ್ತಮುತ್ತ. ಓದು ಮುಗಿಸಿದ ತುಂಬಾ ಜನ ಇಲ್ಲೇ ಉಳಿಯಲು ನೋಡುತ್ತಾರೆ, ಮಕ್ಕಳಿಗೆ ಶಾಲೆ ಚೆನ್ನಾಗಿದೆ, ಮೀನೂ ಸಿಗುತ್ತದೆ, ಯಾಕೆ ಬಿಡಬೇಕು ಅಲ್ವಾ. ಹಾಗಾಗಿ ಆಸ್ಪತ್ರೆಗಳು ಸಂಬಳ ಏರಿಸಿ ನಿಮ್ಮನ್ನು ಕರೆಯುವ ಸ್ಥಿತಿ ಇಲ್ಲ. ಕಂಕನಾಡಿಯಿಂದ ಬೆಂದೂರ್‌ವೆಲ್, ಬಲ್ಮಠ ದಾಟಿ ಹಂಪನಕಟ್ಟೆಯವರೆಗೆ ಒಮ್ಮೆ ನಡೆದು ನೋಡಿ, ಮೆಟ್ಟಿಲ ಪಕ್ಕದಲ್ಲಿ ಡಾಕ್ಟರ್‌ಗಳ ಬೋರ್ಡು ಒಂದರ ಮೇಲೊಂದು. ರೋಗಿಗಳೂ ಬುದ್ಧಿವಂತರು. ಎದೆ ಉರಿ ಅಂದರೆ ನೇರ ಗ್ಯಾಸ್ಟ್ರೋ, ತಲೆನೋವು ಅಂದರೆ ನ್ಯೂರೋ. ನಡುವೆ ನಮ್ಮಂಥವರು ಯಾಕೆ ಅನ್ನುವ ಲೆಕ್ಕ.

ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಲ್ಲಿ ರೋಗಿಯನ್ನು ಕಳಿಸುವುದು ಕ್ಲಾಸ್‌ಮೇಟ್‌ಗೆ, ಸೀನಿಯರ್‌ಗೆ, ತಮ್ಮ ಮೇಷ್ಟ್ರಿಗೆ. ಇಲ್ಲಿ ಓದದೆ ಹೊರಗಿನಿಂದ ಬಂದವರ ಹೆಸರು ಆ ಪಟ್ಟಿಗೆ ಸೇರಲು ವರ್ಷಗಳೇ ಬೇಕು.

ಆದರೂ ನಾನು ಊರು ಬಿಟ್ಟಿಲ್ಲ, ಕಾರಣ ಕೆಲಸ. ಮಳೆಗಾಲದ ಒಂದು ಸಂಜೆ ಕ್ಲಿನಿಕ್ಕಲ್ಲಿ ಕೂತರೆ ಮಲೇರಿಯಾ, ಡೆಂಗ್ಯೂ, ಇಲಿಜ್ವರ ಮೂರನ್ನೂ ತಲೆಯಲ್ಲಿಟ್ಟುಕೊಂಡೇ ಪ್ರತಿ ಜ್ವರವನ್ನೂ ನೋಡಬೇಕು. ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಯೊಳಗೆ ಸ್ಮಿಯರ್ (ಮಲೇರಿಯಾ ರಕ್ತಪರೀಕ್ಷೆ) ರಿಪೋರ್ಟ್ ಕೈಯಲ್ಲಿರುತ್ತದೆ. ವೈವಾಕ್ಸ್ ಮಲೇರಿಯಾ ಬಂದವರಿಗೆ, ಅದು ಮರುಕಳಿಸದಿರಲಿ ಅಂತ ಪ್ರೈಮಾಕ್ವಿನ್ ಮಾತ್ರೆ 14 ದಿನ ಬರೆದುಕೊಟ್ಟರೆ ಜ್ವರ ಬಿಟ್ಟ ಕೂಡಲೇ ಮಾತ್ರೆ ನಿಲ್ಲಿಸುತ್ತಾರೆ, ಕೆಲವು ವಾರ ಕಳೆದು ಮತ್ತೆ ಚಳಿ ಜ್ವರ ಅಂತ ಬರುತ್ತಾರೆ, ಸ್ಟ್ರಿಪ್ ತೋರಿಸಿ ಅಂದರೆ ಅರ್ಧ ಹಾಗೇ ಇರುತ್ತದೆ. ಇಂಥದ್ದನ್ನು ಹಿಂದೆ ಬಿದ್ದು ಸರಿಮಾಡಲು ದೊಡ್ಡ ಆಸ್ಪತ್ರೆಯ ಓಪಿಡಿಯಲ್ಲಿ ಪುರುಸೊತ್ತು ಎಲ್ಲಿ?

ವಯಸ್ಸಾದವರಂತೂ ಜಾಸ್ತಿ. ಮಕ್ಕಳು ಗಲ್ಫಲ್ಲೋ ಬೆಂಗಳೂರಲ್ಲೋ. ಬಿಪಿ ನೋಡುತ್ತಿರುವಾಗಲೇ ಅಮ್ಮ ಮೊಬೈಲ್ ಕೈಗೆ ಕೊಟ್ಟು 'ಡಾಕ್ಟ್ರೇ, ಮಗನ ಹತ್ರ ಒಂಚೂರು ಮಾತಾಡಿ' ಅನ್ನುತ್ತಾರೆ, ದುಬೈಯಿಂದ ಮಗ ಹಳೇ ಶುಗರ್ ರಿಪೋರ್ಟೆಲ್ಲಾ ಕೇಳುತ್ತಾನೆ. ಕಿರಿಕಿರಿ ಹೌದು. ಆದರೆ ಈ ಮನೆಗಳಿಗೆ ಹತ್ತು ಸ್ಪೆಷಲಿಸ್ಟ್‌ಗಳ ಚೀಟಿ ಒಟ್ಟಿಗೆ ಇಟ್ಟು ಯಾವ ಮಾತ್ರೆ ಬೇಡ ಅಂತ ಹೇಳುವ ಒಬ್ಬ ಡಾಕ್ಟರ್ ಬೇಕಾಗಿದೆ. ನಿಮಗೆ ಜಾಗ ಇರುವುದು ಅಲ್ಲೇ.

ಅದಕ್ಕೆ ಸಿಟಿ ಒಳಗೆ ಬೇಡ ಅಂದಿದ್ದು. ದೇರಳಕಟ್ಟೆಯೂ ಬೇಡ, ಅಲ್ಲೇ ಸುತ್ತ ಮೂರು ಕಾಲೇಜು ಆಸ್ಪತ್ರೆ ಇವೆ. ಸಿಟಿಯ ಹೊರಗಿನ ಕೈಕಂಬ, ಬಜ್ಪೆ, ಮುಡಿಪು, ಕಿನ್ನಿಗೋಳಿ ಕಡೆ ನೋಡಿ. ಬಾಡಿಗೆ ಕಡಿಮೆ, ಕೇಸು ಕಷ್ಟವಾದರೆ ದೊಡ್ಡ ಆಸ್ಪತ್ರೆ ದೂರವೇನಿಲ್ಲ. ಈ ಊರಿನ ದೊಡ್ಡ ಸುಖ ಅದೇ. ಆಂಜಿಯೋಪ್ಲಾಸ್ಟಿ, ಡಯಾಲಿಸಿಸ್ ಎಲ್ಲಾ ಇಲ್ಲೇ ಆಗುತ್ತದೆ. ಕಾಸರಗೋಡಿನವರಿಗೂ ಇದೇ ಆಸರೆ. 2020ರ ಲಾಕ್‌ಡೌನ್‌ನಲ್ಲಿ ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿದಾಗ ಅದು ಎಲ್ಲರಿಗೂ ಅರ್ಥವಾಯಿತು.

ತುಳು ಕಲಿಯಲೇಬೇಕು. ಕನ್ನಡ ಹೆಚ್ಚಿನವರಿಗೆ ಬರುತ್ತದೆ, ಆದರೆ ಅಜ್ಜಿಯ ಹತ್ತಿರ 'ಓಲು ಬೇನೆ?' (ಎಲ್ಲಿ ನೋವು?) ಅಂತ ಕೇಳಿದರೆ ನೋವಿನ ಕಥೆ ಪೂರ್ತಿ ಹೊರಬರುತ್ತದೆ.

ಕೆಪಿಎಂಇ (ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ರಾಜ್ಯ ಕಾಯ್ದೆ) ನೋಂದಣಿ, ಆಸ್ಪತ್ರೆ ಕಸದ ಒಪ್ಪಂದ ಎಲ್ಲಾ ಊರಲ್ಲೂ ಇರುವ ತಲೆನೋವೇ, ಅದಕ್ಕೆ ಹೆದರಬೇಡಿ. ಮೊದಲ ಎರಡು ವರ್ಷ ಬರೀ ಕ್ಲಿನಿಕ್ ನಂಬಿಕೊಂಡರೆ ಮಾತ್ರ ಕಷ್ಟ, ಬೆಳಿಗ್ಗೆ ಯಾವುದಾದರೂ ಆಸ್ಪತ್ರೆಯಲ್ಲಿ ಕೆಲಸ, ಸಂಜೆ ಕ್ಲಿನಿಕ್, ಹೀಗಿಟ್ಟುಕೊಳ್ಳಿ. ಇನ್ನೂ ಒಂದು ಮಾತು: ದುಡ್ಡೇ ಮುಖ್ಯ ಅಂದರೆ ಹಾವೇರಿಯಲ್ಲೇ ಬೇಗ ನೆಲೆ ನಿಲ್ಲುತ್ತೀರಿ, ಅಲ್ಲಿ ಎಂಡಿ ಡಾಕ್ಟರ್‌ಗೆ ಇಲ್ಲಿಯಷ್ಟು ಪೈಪೋಟಿ ಇಲ್ಲ. ಇಲ್ಲಿಗೇ ಬರುವುದಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲೊಂದು ಆಸ್ಪತ್ರೆಯಲ್ಲಿ ಡ್ಯೂಟಿ ಮಾಡಿ ನೋಡಿ, ಕ್ಲಿನಿಕ್ಕಿಗೆ ಅಡ್ವಾನ್ಸ್ ಕೊಡುವುದು ಆಮೇಲೆ.