ಮುಖ ಕಾಣಲಿಲ್ಲ ಅಂತ ಬಿಟ್ಟುಬಿಟ್ಟರಾ?

ಪತ್ರ:

ಮಾನ್ಯ ಸಂಪಾದಕರೇ, ಮಗಳ ಮನೆಗೆ ಅಂತ ಸಿಡ್ನಿಗೆ ಬಂದಿದ್ದೇನೆ. ಇಲ್ಲಿ ವಾಟ್ಸ್ಯಾಪ್‌ನಲ್ಲಿ ಒಂದು ಹಳೆಯ ವಿಡಿಯೊ ಸಿಕ್ಕಿತು. ನಿಖಾಬ್ ಹಾಕಿಕೊಂಡು ಕಾರು ಓಡಿಸುತ್ತಿದ್ದ ಹೆಂಗಸನ್ನು ಪೊಲೀಸರು ತಡೆದರಂತೆ. ಆಮೇಲೆ 'ಪೊಲೀಸಿನವನು ನನ್ನ ಮುಸುಕು ಕೀಳೋಕೆ ಬಂದ' ಅಂತ ಸುಳ್ಳು ದೂರು. ಕೆಳಗಿನ ಕೋರ್ಟು ಆರು ತಿಂಗಳು ಜೈಲು ವಿಧಿಸಿತು. ಮೇಲಿನ ನ್ಯಾಯಾಧೀಶರು ಮಾತ್ರ ದೂರು ಕೊಟ್ಟವಳ ಮುಖ ಯಾರೂ ನೋಡಿಲ್ಲ ಅಂತ ಬಿಟ್ಟೇಬಿಟ್ಟರು! ಇದಕ್ಕೆ ನ್ಯಾಯ ಅನ್ನುತ್ತೀರಾ? ಮುಸುಕು ತೆಗೆಸುವ ಕಾನೂನು ನಮ್ಮಲ್ಲೂ ಬರಬೇಕಲ್ಲವೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು (ಸದ್ಯ ಸಿಡ್ನಿ)

ಸಂಪಾದಕರ ಉತ್ತರ:

ನೀವು ಬ್ಯಾಂಕಿನಲ್ಲಿ ಇದ್ದವರು ಅಂತ ಓದಿ ಖುಷಿಯಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ಮಾತಿನಲ್ಲಿ ಹುರುಳಿರುವ ಕಡೆ. ಇದು ನಡೆದದ್ದು 2010ರ ಜೂನ್‌ನಲ್ಲಿ, ಸಿಡ್ನಿಯ ನೈಋತ್ಯಕ್ಕಿರುವ ವುಡ್‌ಬೈನ್‌ನಲ್ಲಿ. ಕುಡಿದು ಓಡಿಸುತ್ತಿದ್ದಾರಾ ಅಂತ ನೋಡಲು ಕಾರು ನಿಲ್ಲಿಸಿದ್ದರು. ಹೊಸ ಚಾಲಕರು ಹಾಕಬೇಕಾದ 'ಪಿ' ಫಲಕ ಸರಿಯಾಗಿ ಕಾಣುತ್ತಿರಲಿಲ್ಲ, ಅದಕ್ಕೆ ದಂಡ ಬಿತ್ತು. ಪೊಲೀಸ್ ಕಾರಿನ ಕ್ಯಾಮೆರಾ ಎಲ್ಲವನ್ನೂ ಹಿಡಿದಿಟ್ಟಿತ್ತು. ಆ ಪೊಲೀಸ್ ಮುಸುಕಿಗೆ ಕೈ ಹಾಕಿರಲಿಲ್ಲ. ಕ್ಯಾಮೆರಾ ಇಲ್ಲದಿದ್ದರೆ ಅವನ ಕೆಲಸಕ್ಕೇ ಕುತ್ತು ಬರುತ್ತಿತ್ತು. ಅವನ ಸಿಟ್ಟು ನ್ಯಾಯವಾದದ್ದೇ, ಒಪ್ಪಿದೆ.

ಇನ್ನು ನ್ಯಾಯಾಧೀಶರ ವಿಷಯ. ಅವರ ಹೆಸರು ಕ್ಲೈವ್ ಜೆಫ್ರೀಸ್, ಸಿಡ್ನಿಯ ಡಿಸ್ಟ್ರಿಕ್ಟ್ ಕೋರ್ಟಿನವರು. 2011ರ ಜೂನ್‌ನಲ್ಲಿ ಮೇಲ್ಮನವಿ ಅವರ ಮುಂದೆ ಬಂತು. ಆಕೆಯ ಮೇಲಿದ್ದ ಆರೋಪ ಯಾವುದು ಹೇಳಿ? ಮುಸುಕು ಹಾಕಿದ್ದಲ್ಲ. ಪೊಲೀಸರ ಜೊತೆ ಜಗಳ ಆಡಿದ್ದೂ ಅಲ್ಲ. ಗೊತ್ತಿದ್ದೂ ಸುಳ್ಳು ದೂರು ಕೊಟ್ಟದ್ದು. ದೂರಿನಲ್ಲಿರುವುದು ಸುಳ್ಳು ಅಂತ ವಿಡಿಯೊ ಹೇಳುತ್ತದೆ, ಸರಿ. ಆದರೆ ಆ ದೂರಿಗೆ ಸಹಿ ಹಾಕಿ ಕ್ಯಾಂಪ್‌ಬೆಲ್‌ಟೌನ್ ಠಾಣೆಗೆ ತಂದು ಕೊಟ್ಟವರು ಯಾರು? ಅದು ಯಾವ ವಿಡಿಯೊದಲ್ಲೂ ಇಲ್ಲ. ಠಾಣೆಗೆ ಬಂದದ್ದು ನಿಖಾಬ್ ಹಾಕಿದ್ದ ಒಬ್ಬ ಹೆಂಗಸು. ಕೌಂಟರಿನಲ್ಲಿ ಇದ್ದವರು ಕಾಗದ ಇಸಕೊಂಡರು, ಯಾರು ಅಂತ ಖಾತ್ರಿ ಮಾಡಿಕೊಳ್ಳಲಿಲ್ಲ. ಕಾರು ಓಡಿಸಿದ ಆಕೆಯೇ ಇರಬಹುದು. ಬಹುಶಃ ಆಕೆಯೇ. ಆದರೆ 'ಬಹುಶಃ' ಅನ್ನುವುದರ ಮೇಲೆ ಆರು ತಿಂಗಳು ಜೈಲಿಗೆ ಹಾಕುವ ಹಾಗಿಲ್ಲ.

ಈಗ ನಿಮ್ಮ ಬ್ಯಾಂಕಿಗೆ ಬರೋಣ. ಒಂದು ದೊಡ್ಡ ಮೊತ್ತದ ಚೆಕ್ ಬಂತು. ತಂದವರ ಗುರುತು ಯಾರಿಗೂ ಇಲ್ಲ. ಸಹಿ ಖಾತೆದಾರರದ್ದೇ ಅನ್ನುವ ಧೈರ್ಯವೂ ನಿಮಗಿಲ್ಲ. 'ಇನ್ಯಾರು ಬರೆದಿರ್ತಾರೆ, ಅವರೇ ಇರಬೇಕು' ಅಂತ ಪಾಸ್ ಮಾಡುತ್ತಿದ್ದಿರಾ? ಮಾಡಿದ್ದರೆ ನಿವೃತ್ತಿಯ ದಿನ ಹಾರ, ಶಾಲು ಸಿಗುತ್ತಿರಲಿಲ್ಲ ಅಲ್ವಾ? ದುಡ್ಡಿನ ವಿಷಯದಲ್ಲಿ ಇಷ್ಟು ಹುಷಾರಾಗಿರುವ ನಾವು ಇನ್ನೊಬ್ಬರ ಜೈಲಿನ ವಿಷಯದಲ್ಲಿ ಎಷ್ಟು ಧಾರಾಳಿಗಳು ನೋಡಿ.

ನಮ್ಮ ಸುಪ್ರೀಂ ಕೋರ್ಟು 1984ರ ಸಾರ್ದಾ ಪ್ರಕರಣದಲ್ಲಿ ಇದನ್ನೇ ಹೇಳಿತು. ಅನುಮಾನ ಎಷ್ಟೇ ಬಲವಾಗಿದ್ದರೂ ಅದು ಸಾಕ್ಷ್ಯದ ಜಾಗದಲ್ಲಿ ಕೂರುವಂತಿಲ್ಲ. ಅವತ್ತಿನಿಂದ ನಮ್ಮ ವಕೀಲರು ಆ ತೀರ್ಪನ್ನು ದಿನಾ ಉದಾಹರಿಸುತ್ತಾರೆ. ಸಿನಿಮಾದ ಕೋರ್ಟ್ ಸೀನಿನಲ್ಲಿ ಇದೇ ಮಾತು ಬಂದರೆ ನಾವೂ ಚಪ್ಪಾಳೆ ತಟ್ಟುತ್ತೇವೆ. ನಿಜವಾದ ನ್ಯಾಯಾಧೀಶರು ಹಾಗೆ ನಡೆದುಕೊಂಡರೆ ಮಾತ್ರ ಪತ್ರಿಕೆಗೆ ಪತ್ರ ಬರೆಯುತ್ತೇವೆ.

ನಿಮಗೆ ಬಂದ ವಿಡಿಯೊ ಅಲ್ಲಿಗೇ ನಿಂತಿತು ಅಂತ ಕಾಣುತ್ತದೆ. ಮುಂದಿನ ಕತೆ ಅದಕ್ಕಿಂತ ಚೆನ್ನಾಗಿದೆ. ತೀರ್ಪು ಬಂದು ಕೆಲವೇ ತಿಂಗಳಲ್ಲಿ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಸರ್ಕಾರ ಕಾನೂನು ತಿದ್ದಿತು. ಗುರುತು ಪತ್ತೆಗೆ ಅಗತ್ಯ ಬಿದ್ದಾಗ ಮುಖ ತೋರಿಸಿ ಅಂತ ಪೊಲೀಸರು ಕೇಳಬಹುದು. ಹೆಲ್ಮೆಟ್ಟಾದರೂ ಅಷ್ಟೇ, ನಿಖಾಬಾದರೂ ಅಷ್ಟೇ. ಆದಷ್ಟೂ ಮರೆಯಲ್ಲಿ ಮಾಡಬೇಕು ಅನ್ನುವ ಷರತ್ತೂ ಇದೆ. ಇದರ ಜೊತೆಗೇ ಇನ್ನೊಂದು ಸಣ್ಣ ತಿದ್ದುಪಡಿ ಬಂತು. ನನಗೆ ಅದೇ ಜಾಸ್ತಿ ಇಷ್ಟ. ಅಫಿಡವಿಟ್ಟಿನಂಥ ಪ್ರಮಾಣಪತ್ರಕ್ಕೆ ಸಾಕ್ಷಿ ಹಾಕುವವರು ಸಹಿ ಮಾಡುವವರ ಮುಖ ನೋಡಲೇಬೇಕು ಅಂತ 2012ರಿಂದ ನಿಯಮವಾಯಿತು. ಅಂದರೆ ತೂತು ಎಲ್ಲಿತ್ತೋ ಅಲ್ಲೇ ಹೊಲಿದರು. ಆ ನ್ಯಾಯಾಧೀಶರು ಜನರ ಸಿಟ್ಟಿಗೆ ಹೆದರಿ ಶಿಕ್ಷೆ ಎತ್ತಿ ಹಿಡಿದಿದ್ದರೆ ಆ ತೂತು ಇವತ್ತಿಗೂ ಹಾಗೇ ಇರುತ್ತಿತ್ತು.

'ಅಲ್ಲಿನ ಕೋರ್ಟುಗಳಿಗೆ ಮುಸುಕು ಕಂಡರೆ ಭಯ' ಅಂತ ನಿಮ್ಮ ವಾಟ್ಸ್ಯಾಪ್ ಗೆಳೆಯರು ಹೇಳಬಹುದು. ಹಾಗಾದರೆ ಅವರಿಗೆ ಇದನ್ನೂ ಕಳಿಸಿ. 2010ರಲ್ಲಿ ಪರ್ತ್‌ನ ನ್ಯಾಯಾಧೀಶೆ ಶೌನಾ ಡೀನ್, ವಂಚನೆ ಪ್ರಕರಣವೊಂದರ ಸಾಕ್ಷಿ ಮುಖ ಮುಚ್ಚಿಕೊಂಡು ಸಾಕ್ಷ್ಯ ಹೇಳುವಂತಿಲ್ಲ ಎಂದರು. 2016ರಲ್ಲಿ ಸಿಡ್ನಿಯ ಅದೇ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ಇನ್ನೊಂದು ಪ್ರಕರಣ ನಡೆಯಿತು. ಮನೆ ಮೇಲೆ ದಾಳಿ ಮಾಡಿದ ಪೊಲೀಸರು ಹೊಡೆದರು ಅಂತ ಮಹಿಳೆಯೊಬ್ಬರು ಹೂಡಿದ ದಾವೆ ಅದು. ನಿಖಾಬ್ ತೆಗೆದು ಸಾಕ್ಷ್ಯ ಹೇಳಿ ಎಂದರು ನ್ಯಾಯಾಧೀಶೆ ಆಡ್ರೆ ಬಲ್ಲಾ. ಬೇರೆ ಕೋಣೆಯಿಂದ ವಿಡಿಯೊ ಮೂಲಕ ಹೇಳಬಹುದು, ಬೇಕಾದರೆ ಕೋರ್ಟಿನಿಂದ ಜನರನ್ನು ಹೊರಗೆ ಕಳಿಸುತ್ತೇನೆ ಎಂದೂ ಹೇಳಿದರು. ಆಕೆ ಒಪ್ಪಲಿಲ್ಲ. ಆಕೆಯ ಸಾಕ್ಷ್ಯವಿಲ್ಲದೆಯೇ ಪ್ರಕರಣ ನಡೆದು, ಸೋಲಾಯಿತು. ಮೇಲ್ಮನವಿಯಲ್ಲೂ ಅದೇ ಉಳಿಯಿತು. ಜೆಫ್ರೀಸ್, ಬಲ್ಲಾ ಇಬ್ಬರ ಮುಂದೆಯೂ ಇದ್ದದ್ದು ಮುಸುಕಿನ ವಿಷಯವೇ, ಕೇಳಿದ್ದು ಮಾತ್ರ ಬೇರೆ ಬೇರೆ ಪ್ರಶ್ನೆ. ಒಂದು ಕಡೆ, ಇವರೇ ಮಾಡಿದರು ಅನ್ನುವುದಕ್ಕೆ ಪುರಾವೆ ಇದೆಯಾ? ಇನ್ನೊಂದು ಕಡೆ, ಇವರ ಮಾತನ್ನು ನಂಬುವುದು ಹೇಗೆ?

ಇಷ್ಟು ತಿಳಿಯಬೇಕಾದರೆ ತೀರ್ಪು ಓದಬೇಕು. ಅಲ್ಲೇ ನೋಡಿ ನನ್ನ ಹೊಟ್ಟೆಯುರಿ ಶುರುವಾಗುವುದು.

2022ರ ಫೆಬ್ರವರಿ ನೆನಪಿದೆಯಾ? ಉಡುಪಿಯಿಂದ ಶುರುವಾದ ಹಿಜಾಬ್ ಗಲಾಟೆ. ಅಲ್ಲಿದ್ದದ್ದು ತಲೆಗೆ ಸುತ್ತುವ ಬಟ್ಟೆ, ಮುಖ ಮುಚ್ಚುವ ನಿಖಾಬ್ ಅಲ್ಲ. ಎರಡನ್ನೂ ಒಂದೇ ಮಾಡಿ ಚರ್ಚೆ ನಡೆಸಿದ ಚಾನೆಲ್‌ಗಳ ಲೆಕ್ಕ ನಾನು ಇಡಲಿಲ್ಲ. ಹೈಕೋರ್ಟು ಫೆಬ್ರವರಿ 10ರಂದು ಮಧ್ಯಂತರ ಆದೇಶ ಕೊಟ್ಟಿತು. ವಿದ್ಯಾರ್ಥಿಗಳು ತರಗತಿಯೊಳಗೆ ಕೇಸರಿ ಶಾಲು, ಹಿಜಾಬ್ ಇತ್ಯಾದಿ ಹಾಕುವಂತಿಲ್ಲ, ಅದೂ ಸಮವಸ್ತ್ರ ಗೊತ್ತು ಮಾಡಿರುವ ಕಡೆ. ಅಷ್ಟೇ. ಆಮೇಲೆ ಏನಾಯಿತು? ಮಂಡ್ಯದ ಶಾಲೆಯೊಂದರ ಗೇಟಿನ ಹತ್ತಿರ ಟೀಚರಮ್ಮಂದಿರೂ ಬುರ್ಖಾ ತೆಗೆದು ಕೈಯಲ್ಲಿ ಹಿಡಿದು ಒಳಗೆ ಹೋಗಬೇಕಾಯಿತು. ಎದುರಿಗೆ ಕ್ಯಾಮೆರಾಗಳ ಸಾಲು. ಗೇಟು ಅಂದರೆ ತರಗತಿಯಲ್ಲ, ಟೀಚರು ಅಂದರೆ ವಿದ್ಯಾರ್ಥಿಯಲ್ಲ. ಆದೇಶ ವಿದ್ಯಾರ್ಥಿಗಳಿಗೆ ಮಾತ್ರ ಅಂತ ಮುಖ್ಯ ನ್ಯಾಯಮೂರ್ತಿಗಳೇ ಆಮೇಲೆ ಬಾಯಿಬಿಟ್ಟು ಹೇಳಬೇಕಾಯಿತು. ಯಾರೂ ಓದಿರಲಿಲ್ಲ, ಎಲ್ಲರೂ ಜಾರಿ ಮಾಡಿದರು.

ಮಾರ್ಚ್ 15ರ ಅಂತಿಮ ತೀರ್ಪು 129 ಪುಟ. ಅದನ್ನು ಹೊಗಳಿದವರಲ್ಲೂ ಬೈದವರಲ್ಲೂ ಎಷ್ಟು ಜನ ಹತ್ತು ಪುಟ ದಾಟಿದ್ದರು? ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾ. ಹೇಮಂತ್ ಗುಪ್ತಾ ಒಂದು ಹೇಳಿದರು, ನ್ಯಾ. ಸುಧಾಂಶು ಧೂಲಿಯಾ ಅದಕ್ಕೆ ತದ್ವಿರುದ್ಧ ಹೇಳಿದರು. ಅಷ್ಟು ಓದಿಕೊಂಡ ಇಬ್ಬರಿಗೇ ಒಮ್ಮತ ಬರಲಿಲ್ಲ. ಟಿವಿ ನಿರೂಪಕರಿಗೆ ಮಾತ್ರ ಮೊದಲ ದಿನವೇ ಉತ್ತರ ಗೊತ್ತಿತ್ತು.

ಜನ ಓದಲಿಲ್ಲ ಅಂತ ಬೈಯುವುದು ಸುಲಭ. ಓದೋಣ ಅಂದರೂ ಆ 129 ಪುಟ ಇಂಗ್ಲಿಷಿನಲ್ಲಿದೆ. ಸಂವಿಧಾನದ 348ನೇ ವಿಧಿಯಿಂದಾಗಿ ಹೈಕೋರ್ಟಿನ ಭಾಷೆ ಇಂಗ್ಲಿಷ್. ಉತ್ತರ ಪ್ರದೇಶ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನಕ್ಕೆ ಹಿಂದಿ ಬಳಸುವ ಅನುಮತಿ ಸಿಕ್ಕಿದೆ, ನಮಗಿಲ್ಲ. 2024ರ ಡಿಸೆಂಬರಿನಲ್ಲಿ ನ್ಯಾ. ಕೃಷ್ಣ ದೀಕ್ಷಿತ್ ಮತ್ತು ನ್ಯಾ. ಸಿ.ಎಂ. ಜೋಶಿ ಅವರ ಪೀಠ ಕನ್ನಡದಲ್ಲಿ ತೀರ್ಪು ಕೊಟ್ಟಾಗ ಪೇಪರಿನಲ್ಲಿ ದೊಡ್ಡದಾಗಿ ಬಂತು. ಕರ್ನಾಟಕದ ಕೋರ್ಟು ಕನ್ನಡದಲ್ಲಿ ಮಾತಾಡಿದ್ದೇ ಸುದ್ದಿ!

ಇನ್ನು ಪೊಲೀಸರು. ಕಿರಿಯ ವರದಿಗಾರನಾಗಿದ್ದಾಗ ನಾನು ತಾಲ್ಲೂಕು ಕೋರ್ಟೊಂದರಲ್ಲಿ ಬೆಂಚು ಸವೆಸಿದವನು. ಅಲ್ಲಿ ಒಬ್ಬ ಪಂಚ ಇದ್ದ, ಅಂದರೆ ಪೊಲೀಸರು ಸ್ಥಳ ನೋಡಿ ಬರೆಯುವ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕುವವನು. ಠಾಣೆ ಎದುರಿನ ಟೀ ಅಂಗಡಿಯವನು. ಕಳ್ಳತನವಾಗಲಿ, ಹೊಡೆದಾಟವಾಗಲಿ, ಮಹಜರಿಗೆ ಸಹಿ ಅವನದೇ. ಒಂದು ದಿನ ಎದುರು ವಕೀಲರು 'ಸ್ಥಳಕ್ಕೆ ಹೋಗಿದ್ದೆಯಾ?' ಅಂದರು. 'ಇಲ್ಲ ಸ್ವಾಮಿ, ಟೀ ಕೊಡೋಕೆ ಹೋಗಿದ್ದೆ, ಸಹಿ ಹಾಕು ಅಂದ್ರು' ಅಂದ. ಜಡ್ಜ್ ಸಾಹೇಬರು ಪೆನ್ನು ಕೆಳಗಿಟ್ಟರು. ಕೇಸು ಅಲ್ಲಿಗೆ ಮುಗಿಯಿತು. ಮಾರನೇ ದಿನ ಊರೆಲ್ಲ ಒಂದೇ ಮಾತು: ಜಡ್ಜು ದುಡ್ಡು ತಿಂದರು. ಆ ಮಹಜರು ಬರೆದವರ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಕ್ಯಾಂಪ್‌ಬೆಲ್‌ಟೌನ್ ಠಾಣೆಯ ಕೌಂಟರಿನ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಟೀ ಅಂಗಡಿಯವನೇ.

ನಿಮ್ಮ ಕೊನೆಯ ಪ್ರಶ್ನೆ, ನಮ್ಮಲ್ಲೂ ಕಾನೂನು ಬೇಡವೇ ಅಂತ. ಮೈಸೂರಿನಲ್ಲಿ ಎಷ್ಟು ಚುನಾವಣೆಯಲ್ಲಿ ಸಾಲು ನಿಂತಿದ್ದೀರಿ ಸ್ವಾಮಿ? ಪರದೆ ಪಾಲಿಸುವ ಮತದಾರರು ಜಾಸ್ತಿ ಇರುವ ಮತಗಟ್ಟೆಗಳಲ್ಲಿ ಮಹಿಳಾ ಅಧಿಕಾರಿ ಇರಬೇಕು, ಮರೆಯಾದ ಜಾಗದಲ್ಲಿ ಮುಖ ನೋಡಿ ಗುರುತು ಹಿಡಿಯಬೇಕು ಅಂತ ಚುನಾವಣಾ ಆಯೋಗದ ಸೂಚನೆ ಇದೆ. ಹೆಂಗಸರ ದೇಹ ತಪಾಸಣೆಯನ್ನು ಹೆಂಗಸರೇ ಮಾಡಬೇಕು, ಮರ್ಯಾದೆಗೆ ಕುಂದು ಬರದ ಹಾಗೆ ಮಾಡಬೇಕು ಅಂತ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿತ್ತು, ಈಗಿನ ಹೊಸ ಸಂಹಿತೆಯಲ್ಲೂ ಇದೆ. ಇದೆಲ್ಲ ಗದ್ದಲವಿಲ್ಲದೆ ನಡೆದುಕೊಂಡು ಬಂದಿದೆ. ಗದ್ದಲ ಆದದ್ದು 2024ರ ಮೇನಲ್ಲಿ, ಹೈದರಾಬಾದಿನಲ್ಲಿ. ಬಿಜೆಪಿ ಅಭ್ಯರ್ಥಿ ಮಾಧವಿ ಲತಾ ಮತಗಟ್ಟೆಯೊಳಗೆ ತಾವೇ ಮತದಾರರ ಮುಸುಕು ಎತ್ತಿಸಿ ಮುಖ ನೋಡಿದರು. ಅವರ ಮೇಲೆ ಕೇಸು ದಾಖಲಾಯಿತು. ಮುಖ ನೋಡಿದ್ದು ಅಲ್ಲಿ ತಪ್ಪಲ್ಲ, ನೋಡಲು ಸಂಬಳ ತೆಗೆದುಕೊಳ್ಳುವ ಅಧಿಕಾರಿ ಪಕ್ಕದಲ್ಲೇ ಕೂತಿದ್ದರು.