ಓವರ್‌ಟೈಮ್ ಕೊಡುತ್ತಾರೆ, ಆಳು ಕೊಡುವುದಿಲ್ಲ

(ಅಮೆರಿಕದ ಗಡಿ ಕೌಂಟಿಗಳ, ಅಂದರೆ ಜಿಲ್ಲೆಯಂಥ ಆಡಳಿತ ಘಟಕಗಳ, ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಧಾರವಾಡದ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಬರೆದ ಪತ್ರದ ಸಾರ: “ಗಡಿ ಕಾಯುವುದು ಕೇಂದ್ರದ ಕೆಲಸ. ಅದಕ್ಕೆ ಕೈಜೋಡಿಸುವ ಸಣ್ಣ ಊರುಗಳಿಗೆ ವಾಷಿಂಗ್ಟನ್ ಹಣ ಕೊಡುತ್ತದೆ. ಪುಕ್ಕಟೆ ಬಂದ ಹಣವನ್ನು ಪೀಮಾ ಕೌಂಟಿ ಬೇಡವೆಂದದ್ದು ಬರೀ ರಾಜಕೀಯ. ಕೊಟ್ಟರೂ ಗೊಣಗುವವರ ಪರ ನೀವೇಕೆ ವಕಾಲತ್ತು ವಹಿಸಿದ್ದೀರಿ? ಅಷ್ಟಕ್ಕೂ ಟೆಕ್ಸಾಸಿನ ಶೆರಿಫರ ಸಂಕಟ ಕನ್ನಡದ ಓದುಗರಿಗೇಕೆ? ನಾನು ಕಾರವಾರದಲ್ಲಿ ಕೆಲಸ ಮಾಡಿದವನು, ಗಡಿಯ ಕಾವಲು ಏನೆಂದು ಬಲ್ಲೆ.”)

ಮಾನ್ಯರೇ,

ಗಡಿ ಕಾಯುವುದು ಕೇಂದ್ರದ ಕೆಲಸ ಎಂಬಲ್ಲಿ ನಮಗೂ ತಮಗೂ ಭಿನ್ನಾಭಿಪ್ರಾಯವಿಲ್ಲ. ತಕರಾರು ಇರುವುದು ‘ಪುಕ್ಕಟೆ’ ಎಂಬ ಮಾತಿನ ಬಗ್ಗೆ.

ಲೇಖನದಲ್ಲಿ ಪ್ರಸ್ತಾಪವಾದ ಯೋಜನೆಯ ಹೆಸರು ಆಪರೇಷನ್ ಸ್ಟೋನ್‌ಗಾರ್ಡನ್. ಅಮೆರಿಕದ ಆಂತರಿಕ ಭದ್ರತಾ ಇಲಾಖೆಯ ಅಡಿಯಲ್ಲಿರುವ ಫೆಮಾ ಸಂಸ್ಥೆ ಇದರ ಹಣ ಹಂಚುತ್ತದೆ. 2019ರಿಂದ 2023ರವರೆಗೆ ವರ್ಷಕ್ಕೆ 9 ಕೋಟಿ ಡಾಲರ್ ಇದಕ್ಕೆ ಮೀಸಲಿತ್ತು. ಮೆಕ್ಸಿಕೋ ಕಡೆಯ ಗಡಿ, ಕೆನಡಾ ಕಡೆಯ ಗಡಿ, ಕಡಲ ಗಡಿ, ಮೂಲನಿವಾಸಿ ಬುಡಕಟ್ಟುಗಳ ಸರ್ಕಾರಗಳು, ಎಲ್ಲಕ್ಕೂ ಸೇರಿ ಅಷ್ಟು. ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಮತ್ತು ಕೇಂದ್ರದ ಗಡಿ ಕಾವಲು ಪಡೆಯಾದ ಬಾರ್ಡರ್ ಪಟ್ರೋಲ್ ಕೂಡಿ ಗಸ್ತಿನ ಯೋಜನೆ ಸಿದ್ಧಪಡಿಸಬೇಕು. ಅದು ರಾಜ್ಯದ ಕಚೇರಿಯ ಮೂಲಕ ಮೇಲೆ ಹೋಗಿ ಮಂಜೂರಾಗಿ ಬರಬೇಕು. ಆಮೇಲೂ ಹಣ ಸಾಮಾನ್ಯವಾಗಿ ಮುಂಗಡವಾಗಿ ಕೈಗೆ ಬರುವುದಿಲ್ಲ. ಕೌಂಟಿ ತನ್ನ ಬೊಕ್ಕಸದಿಂದ ಖರ್ಚು ಮಾಡಿ, ಬಿಲ್ಲು ಕಳಿಸಿ, ಮರುಪಾವತಿಗೆ ಕಾಯಬೇಕು. ಪ್ರಯಾಣ ಭತ್ಯೆಯ ಬಿಲ್ಲಿಗಾಗಿ ಖಜಾನೆಯತ್ತ ನೋಡುತ್ತಾ ಕುಳಿತ ಅನುಭವ ತಮಗೂ ಇದ್ದೀತು. ದೊಡ್ಡ ಕೌಂಟಿಗೆ ಇದು ಲೆಕ್ಕಪತ್ರ ಶಾಖೆಯ ಮಾಮೂಲು ಕೆಲಸ. ಪ್ರತ್ಯೇಕ ಲೆಕ್ಕಪತ್ರ ಶಾಖೆಯೇ ಇಲ್ಲದ ಕೌಂಟಿ ಏನು ಮಾಡಬೇಕು?

ಟೆಕ್ಸಾಸಿನ ಟೆರೆಲ್ ಕೌಂಟಿಯನ್ನೇ ನೋಡಿ. ರಿಯೋ ಗ್ರಾಂಡೆ ನದಿಯ ದಂಡೆಯಲ್ಲಿರುವ ಅದರ ವಿಸ್ತೀರ್ಣ ಸುಮಾರು 6,100 ಚದರ ಕಿಲೋಮೀಟರ್, ಅಂದರೆ ನಮ್ಮ ಕೊಡಗು ಜಿಲ್ಲೆಯ ಸುಮಾರು ಒಂದೂವರೆ ಪಟ್ಟು. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 760. ಇಷ್ಟು ಜನ ಕಟ್ಟುವ ತೆರಿಗೆಯಲ್ಲಿ ಎಷ್ಟು ಡೆಪ್ಯುಟಿಗಳನ್ನು, ಅಂದರೆ ಶೆರಿಫನ ಕೈಕೆಳಗಿನ ಪೊಲೀಸರನ್ನು, ಇಟ್ಟುಕೊಳ್ಳಲು ಸಾಧ್ಯ? ಅಂಥ ಕಡೆ ಬೇಕಾಗಿರುವುದು ಇನ್ನೊಬ್ಬ ಕಾಯಂ ಡೆಪ್ಯುಟಿ. ಆದರೆ ಸ್ಟೋನ್‌ಗಾರ್ಡನ್ ಮಾರ್ಗಸೂಚಿಗಳು ಹೇಳಿಕೊಂಡು ಬಂದಿರುವುದು ಈ ಹಣದಲ್ಲಿ ಕಾಯಂ ಪೊಲೀಸರನ್ನು ನೇಮಿಸಬಾರದು ಎಂದು. ಇರುವವರಿಗೆ ಓವರ್‌ಟೈಮ್ ಕೊಡಬಹುದು, ಪೆಟ್ರೋಲ್ ಹಾಕಿಸಬಹುದು, ಉಪಕರಣ ಕೊಳ್ಳಬಹುದು. ಗಣೇಶ ವಿಸರ್ಜನೆಯ ಬಂದೋಬಸ್ತ್ ಮುಗಿಸಿ ಬಂದ ಪೇದೆಯನ್ನೇ ಮರುದಿನ ಬೆಳಿಗ್ಗೆ ಚುನಾವಣಾ ಕರ್ತವ್ಯಕ್ಕೆ ಹಾಕಿ, ಭತ್ಯೆ ಬರುತ್ತದಲ್ಲ ಎಂದು ಸಮಾಧಾನ ಹೇಳಿದ ಹಾಗೆ. ಆ ಪೇದೆಯ ಕಣ್ಣುಗಳನ್ನು ತಾವು ನನಗಿಂತ ಹತ್ತಿರದಿಂದ ನೋಡಿದವರು.

ಈ ನಿರ್ಬಂಧಕ್ಕೆ ಕಾರಣವಿಲ್ಲದಿಲ್ಲ. ಅನುದಾನ ನಿಂತ ದಿನ ಕಾಯಂ ನೌಕರನ ಸಂಬಳ ಯಾರು ಕೊಡಬೇಕು ಎಂಬ ಭಯ. ಸ್ಥಳೀಯ ಸರ್ಕಾರ ತಾನು ಮಾಡಬೇಕಾದ ಖರ್ಚನ್ನು ಕೇಂದ್ರದ ತಲೆಗೆ ಕಟ್ಟಬಾರದು ಎಂಬ ಎಚ್ಚರಿಕೆಯೂ ಇದೆ. ಆಡಳಿತದ ದೃಷ್ಟಿಯಿಂದ ಇದು ಸರಿಯೇ. ಆದರೆ ಪರಿಣಾಮ ನೋಡಿ: ಡೆಪ್ಯುಟಿ ಹೆಚ್ಚುವರಿ ಗಂಟೆಗಳನ್ನು ಗಡಿಯ ರಸ್ತೆಯಲ್ಲಿ ಕಳೆಯುತ್ತಾನೆ, ಏಕೆಂದರೆ ಆ ಗಂಟೆಗಳಿಗೆ ಮಾತ್ರ ಹಣವಿದೆ. ಊರೊಳಗಿನ ಕಳ್ಳತನಕ್ಕೆ, ಮನೆಜಗಳಕ್ಕೆ ಸಿಗುವವನು ದಣಿದ ಡೆಪ್ಯುಟಿ. ಹಣದ ಜೊತೆಗೇ ಶೆರಿಫನ ಕೆಲಸದ ಪಟ್ಟಿಯೂ ವಾಷಿಂಗ್ಟನ್‌ನಿಂದ ಬಂದಂತಾಯಿತು. ಶೆರಿಫನನ್ನು ಆರಿಸಿದವರೋ ಆ ಕೌಂಟಿಯ ಮತದಾರರು.

ಇನ್ನು ಬ್ರೂಕ್ಸ್ ಕೌಂಟಿ. ಟೆಕ್ಸಾಸಿನದೇ, ಜನಸಂಖ್ಯೆ ಸುಮಾರು 7,000. ಗಡಿಯಿಂದ ನೂರು ಕಿಲೋಮೀಟರಿಗೂ ದೂರ ಒಳಗಿದೆ. ಅಲ್ಲಿನ ಫಾಲ್ಫುರಿಯಾಸ್ ಊರಿನ ದಕ್ಷಿಣಕ್ಕೆ, ಹೆದ್ದಾರಿಯಲ್ಲಿ, ಬಾರ್ಡರ್ ಪಟ್ರೋಲ್ ತಪಾಸಣಾ ಠಾಣೆಯಿದೆ. ಅದನ್ನು ತಪ್ಪಿಸಲು ವಲಸಿಗರು ವಾಹನದಿಂದಿಳಿದು ಖಾಸಗಿ ರ‍್ಯಾಂಚುಗಳ ಮರಳಿನಲ್ಲಿ, ಮುಳ್ಳುಪೊದೆಗಳ ನಡುವೆ ಬಳಸಿ ನಡೆಯುತ್ತಾರೆ. ನೀರಿಲ್ಲದೆ, ಬಿಸಿಲಿಗೆ ಬಿದ್ದು ಸಾಯುತ್ತಾರೆ. 2012ರ ಒಂದೇ ವರ್ಷದಲ್ಲಿ ಅಲ್ಲಿ ಸಿಕ್ಕ ಶವಗಳು 129. ಅವನ್ನು ಹೊತ್ತು ತರುವುದು, ಮರಣೋತ್ತರ ಪರೀಕ್ಷೆ, ಹೂಳುವುದು, ಎಲ್ಲದರ ಹೊಣೆ ಆ ಬಡ ಕೌಂಟಿಯದು. ತಪಾಸಣಾ ಠಾಣೆ ಕೇಂದ್ರದ್ದು, ಅದನ್ನು ತಪ್ಪಿಸಲು ಸುತ್ತಿ ನಡೆದು ಸತ್ತವರ ಖರ್ಚು ಕೌಂಟಿಯದು! ಹೆಸರು ಗೊತ್ತಾಗದವರನ್ನು ಊರಿನ ಸ್ಮಶಾನದಲ್ಲಿ ಹೂಳಲಾಯಿತು. 2013ರಿಂದ ವಿಶ್ವವಿದ್ಯಾಲಯಗಳ ವಿಧಿವಿಜ್ಞಾನ ತಂಡಗಳು ಆ ಗೋರಿಗಳನ್ನು ಅಗೆದು ಗುರುತು ಪತ್ತೆಮಾಡುವ ಕೆಲಸಕ್ಕೆ ಇಳಿದವು. ಸ್ಟೋನ್‌ಗಾರ್ಡನ್ ನಿಯಮದಲ್ಲಿ ಗಡಿಗೆ ಅಂಟಿಕೊಂಡ ಕೌಂಟಿ ಮೊದಲ ಶ್ರೇಣಿ, ಅದರ ಪಕ್ಕದ್ದು ಎರಡನೆಯದು, ಅದರಾಚೆಯದು ಮೂರನೆಯದು. ನಕಾಶೆಯಲ್ಲಿ ಗೆರೆ ಎಳೆಯಲು ಇದು ಸುಲಭ. ಸಾವುಗಳು ಮಾತ್ರ ಗಡಿಯ ಗೆರೆಯಿಂದ ಅಷ್ಟು ದೂರದಲ್ಲಿ ಆದವು. ಗುರುತು ಸಿಗದ ಶವಗಳ ವಿಚಾರದಲ್ಲಿ ಇಂಥ ಊರುಗಳಿಗೂ ನೆರವಾಗುವಂಥ ಕಾಯ್ದೆಗೆ ಸಹಿ ಬೀಳಲು 2020ರ ಕೊನೆಯ ದಿನದವರೆಗೆ ಕಾಯಬೇಕಾಯಿತು.

ಈಗ ಪೀಮಾಕ್ಕೆ ಬರುತ್ತೇನೆ. 2018ರ ಸೆಪ್ಟೆಂಬರ್‌ನಲ್ಲಿ ಅರಿಝೋನಾದ ಆ ಕೌಂಟಿಯ ಮಂಡಳಿ 14 ಲಕ್ಷ ಡಾಲರ್ ಅನುದಾನವನ್ನು 3–2 ಮತಗಳಿಂದ ತಿರಸ್ಕರಿಸಿತು. ರಾಜಕೀಯವಿತ್ತು, ಖಂಡಿತ ಇತ್ತು. ಟ್ರಂಪ್ ಸರ್ಕಾರದ ವಲಸೆ ನೀತಿಯ ಮೇಲಿನ ಸಿಟ್ಟು ಯಾರಿಂದಲೂ ಮುಚ್ಚಿರಲಿಲ್ಲ. ಅದರ ಜೊತೆಗೆ ಲೆಕ್ಕವೂ ಇತ್ತು: ಓವರ್‌ಟೈಮ್ ಪಿಂಚಣಿಯ ಲೆಕ್ಕಕ್ಕೆ ಸೇರುವುದರಿಂದ ಮುಂದಿನ ಹೊರೆ ಕೌಂಟಿಯ ಮೇಲೆ ಬೀಳುತ್ತದೆ ಎಂಬ ವಾದ. ಆದರೆ ಪೀಮಾದಲ್ಲಿ ಟೂಸಾನ್ ನಗರವಿದೆ, ಹತ್ತು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಬೇಡ ಎನ್ನುವ ಶಕ್ತಿ ಅದಕ್ಕಿತ್ತು. ಟೆರೆಲ್‌ನಂಥ ಕೌಂಟಿಗೆ ಈ ಹಣ ಇಂಧನಕ್ಕೂ ರೇಡಿಯೋಗೂ ಆಧಾರ. ಅದು ಗೊಣಗಿಯಾದರೂ ಸಹಿ ಹಾಕುತ್ತದೆ. ನಮ್ಮ ಲೇಖನ ಪೀಮಾದ ಪರ ವಕಾಲತ್ತು ವಹಿಸಲಿಲ್ಲ. ಸಹಿ ಹಾಕದೆ ಗತಿಯಿಲ್ಲದವರ ಮಾತನ್ನು ಕೇಳಬೇಕು ಎಂದಿತು, ಅಷ್ಟೇ.

ಇಷ್ಟಾದರೂ ಗಡಿ ಭದ್ರವಾಯಿತೇ? 2017ರಲ್ಲಿ ಆಂತರಿಕ ಭದ್ರತಾ ಇಲಾಖೆಯದೇ ಮಹಾ ತಪಾಸಣಾಧಿಕಾರಿಯ ವರದಿ, ಯೋಜನೆಯ ಫಲವನ್ನು ಅಳೆಯಲು ನಂಬಬಹುದಾದ ಮಾಹಿತಿಯನ್ನೇ ಸಂಗ್ರಹಿಸಿಲ್ಲ ಎಂದಿತು. 2025ರ ಜುಲೈನ ಬೃಹತ್ ವೆಚ್ಚ ಕಾಯ್ದೆಯಲ್ಲಿ ಸ್ಟೋನ್‌ಗಾರ್ಡನ್‌ಗೆ 45 ಕೋಟಿ ಡಾಲರ್ ಇಟ್ಟಿದ್ದಾರೆ. ಅದೇ ಕಾಯ್ದೆಯಲ್ಲಿ ರಾಜ್ಯಗಳ ಗಡಿ ಭದ್ರತಾ ನಿಧಿಗೆ 1,000 ಕೋಟಿ. ಯಾರ ದನಿ ಗಟ್ಟಿಯೋ ಅವರ ಕಡೆಗೆ ಹಣ ಹರಿಯುತ್ತದೆ ಎನ್ನಲು ಹೆಚ್ಚಿನ ಪುರಾವೆ ಬೇಡ.

ಕನ್ನಡದ ಓದುಗರಿಗೇಕೆ ಎಂದು ಕೇಳಿದ್ದೀರಿ. ಕರಾವಳಿ ಭದ್ರತಾ ಯೋಜನೆಯಲ್ಲಿ ಕೇಂದ್ರ ನಮಗೂ ಠಾಣೆ, ದೋಣಿ, ಜೀಪು ಕೊಟ್ಟಿತು. ಸಿಬ್ಬಂದಿಯನ್ನು ರಾಜ್ಯವೇ ಒದಗಿಸಬೇಕಾಯಿತು. ದೋಣಿ ಕೊಟ್ಟವರು ಯಾರು, ಅದನ್ನು ನಡೆಸುವವನ ಸಂಬಳ ಯಾರದು, ಡೀಸೆಲ್ ಯಾರದು ಎಂಬ ಪ್ರಶ್ನೆ ಕಾರವಾರದಲ್ಲೂ ಮಲ್ಪೆಯಲ್ಲೂ ಹೊಸದಲ್ಲ. ತಾವು ಕಾರವಾರದಲ್ಲಿ ಸೇವೆಯಲ್ಲಿದ್ದಾಗ ಈ ಲೆಕ್ಕಗಳನ್ನು ಹೇಗೆ ಸರಿದೂಗಿಸುತ್ತಿದ್ದಿರಿ ಎಂಬುದನ್ನು ಬಿಚ್ಚಿ ಬರೆದು ಕಳಿಸಿ. ನಮ್ಮ ವಾದಕ್ಕೆ ವಿರುದ್ಧವಾಗಿದ್ದರೂ ಪೂರ್ತಿ ಪ್ರಕಟಿಸುತ್ತೇವೆ. ಪುಟಗಳ ಮಿತಿಯ ಚಿಂತೆ ಬೇಡ.

— ಸಂಪಾದಕ