ಬಯಾಪ್ಸಿ ನಾರ್ಮಲ್ ಬಂದಿದೆ, ಆದರೂ ಗಡ್ಡೆ ಅಂತಾರಲ್ಲ?

ಪ್ರಶ್ನೆ: ಅಪ್ಪಾಜಿಗೆ 58 ವರ್ಷ. ಮೂರು ತಿಂಗಳಿಂದ ಸುಸ್ತು, ನಡುನಡುವೆ ಮಲ ಕಪ್ಪಗೆ ಹೋಗುತ್ತಿತ್ತು. ಹಿಮೋಗ್ಲೋಬಿನ್ 7ಕ್ಕೆ ಇಳಿದಿದೆ. ಎಂಡೋಸ್ಕೋಪಿಯಲ್ಲಿ ಜಠರದೊಳಗೆ ಒಂದು ಉಬ್ಬು ಕಂಡಿತು. ಸಿ.ಟಿ. ಸ್ಕ್ಯಾನ್ ನೋಡಿ 6 ಸೆಂ.ಮೀ. ಗಡ್ಡೆ, ಬಹುಶಃ 'ಜಿಸ್ಟ್' (ಜಠರ, ಕರುಳಿನ ಗೋಡೆಯಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್ ಗಡ್ಡೆ) ಎಂದರು. ಆದರೆ ಬಯಾಪ್ಸಿ ನಾರ್ಮಲ್! ಗಡ್ಡೆಗೆ ಚಾಕು ತಾಗಿದರೆ ಹರಡುತ್ತದೆ, ಮಾತ್ರೆಯಲ್ಲೇ ಕರಗಿಸಿ ಎನ್ನುತ್ತಾರೆ ದೊಡ್ಡಪ್ಪ. ಏನು ಮಾಡೋಣ ಡಾಕ್ಟರೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಆ ಬಯಾಪ್ಸಿ ವಿಷಯ. ಜಮಖಾನದ ಕೆಳಗೆ ತೆಂಗಿನಕಾಯಿ ಇಟ್ಟಿದ್ದಾರೆ ಅಂದುಕೊಳ್ಳಿ. ಮೇಲಿಂದ ನಾಲ್ಕು ನೂಲು ಕಿತ್ತು ನೋಡಿದರೆ ಕಾಯಿ ಸಿಗುತ್ತದೆಯೇ? ಜಿಸ್ಟ್ ಹುಟ್ಟುವುದು ಜಠರದ ಒಳಪದರದಲ್ಲಲ್ಲ, ಅದರ ಕೆಳಗಿನ ಗೋಡೆಯಲ್ಲಿ. ಎಂಡೋಸ್ಕೋಪಿಯ ಇಕ್ಕಳ ಸಾಮಾನ್ಯವಾಗಿ ಮೇಲ್ಪದರವನ್ನಷ್ಟೇ ಕಚ್ಚಿ ತರುತ್ತದೆ. ಹಾಗಾಗಿ 'ನಾರ್ಮಲ್' ಎಂದರೆ ಮೇಲ್ಪದರ ನಾರ್ಮಲ್, ಅಷ್ಟೇ. ಅದನ್ನು ನಂಬಿ ಸುಮ್ನೆ ಕೂರಬೇಡಿ.

ಎಂಡೋಸ್ಕೋಪಿಯ ತುದಿಯಲ್ಲೇ ಅಲ್ಟ್ರಾಸೌಂಡ್ ಇರುವ ಇನ್ನೊಂದು ಪರೀಕ್ಷೆ ಇದೆ. ಅದರಲ್ಲಿ ಗೋಡೆಯೊಳಗಿನ ಗಡ್ಡೆಯನ್ನು ನೋಡುತ್ತಲೇ ಸೂಜಿ ಹಾಕಿ ಚೂರು ತೆಗೆಯಬಹುದು. ಆ ಚೂರಿಗೆ ಸಿಡಿ117, ಡಾಗ್1 ಎಂಬ ಬಣ್ಣದ ಪರೀಕ್ಷೆ ಮಾಡಿದರೆ ಜಿಸ್ಟ್ ಹೌದೋ ಅಲ್ಲವೋ ಬಹುಮಟ್ಟಿಗೆ ತಿಳಿಯುತ್ತದೆ. ಸ್ಕ್ಯಾನಿನಲ್ಲಿ ಸ್ಪಷ್ಟವಾಗಿದ್ದು, ಸಲೀಸಾಗಿ ತೆಗೆಯುವಂತಿದ್ದರೆ ಕೆಲವು ಸರ್ಜನ್‌ಗಳು ಸೂಜಿ ಹಾಕದೇ ನೇರ ಆಪರೇಷನ್ ಮಾಡುತ್ತಾರೆ. ಅದೂ ತಪ್ಪಲ್ಲ.

ದೊಡ್ಡಪ್ಪನವರ ಮಾತಿನಲ್ಲಿ ಕಾಲುಭಾಗ ನಿಜವಿದೆ. ಈ ಗಡ್ಡೆ ಮೆದು. ಒಡೆದರೆ ಅದರ ಕೋಶಗಳು ಹೊಟ್ಟೆಯೊಳಗೆಲ್ಲ ಚೆಲ್ಲುತ್ತವೆ. ಒಡೆಯದಂತೆ ಇಡಿಯಾಗಿ ತೆಗೆದರೆ ಮಾತ್ರ ಅದೇ ಒಳ್ಳೆಯ ಚಿಕಿತ್ಸೆ. ಹೆಚ್ಚಿನವರಿಗೆ ಇಡೀ ಜಠರ ತೆಗೆಯಬೇಕಾಗಿಲ್ಲ, ಗಡ್ಡೆಯ ಸುತ್ತ ಸ್ವಲ್ಪ ಸೇರಿಸಿ ಕತ್ತರಿಸಿದರೆ ಸಾಕು. ಮಾತ್ರೆಯೊಂದರಿಂದಲೇ ಗಡ್ಡೆ ಪೂರ್ತಿ ಮಾಯವಾಗುವುದು ಅಪರೂಪ. ಗಡ್ಡೆ ತುಂಬಾ ದೊಡ್ಡದಿದ್ದರೆ ಅಥವಾ ಇಕ್ಕಟ್ಟಿನ ಜಾಗದಲ್ಲಿದ್ದರೆ ಕೆಲವು ತಿಂಗಳು ಮಾತ್ರೆ ಕೊಟ್ಟು, ಕುಗ್ಗಿಸಿ, ಆಮೇಲೆ ತೆಗೆಯುತ್ತೇವೆ.

ಆ ಮಾತ್ರೆಯ ಹೆಸರು ಇಮ್ಯಾಟಿನಿಬ್. ಇದು ಬರುವ ಮುಂಚೆ ಹರಡಿದ ಜಿಸ್ಟ್‌ಗೆ ಕೀಮೋ ಕೊಟ್ಟರೆ ಕೂದಲು ಉದುರುತ್ತಿತ್ತೇ ಹೊರತು ಗಡ್ಡೆ ಅಲುಗಾಡುತ್ತಿರಲಿಲ್ಲ. 2000ದಲ್ಲಿ ಫಿನ್ಲೆಂಡಿನ ಒಬ್ಬ ಮಹಿಳೆಗೆ ಮೊದಲ ಸಲ ಕೊಟ್ಟರು, ವಾರಗಳಲ್ಲೇ ಗಡ್ಡೆಗಳು ಕುಗ್ಗತೊಡಗಿದವು. ಬಹುತೇಕ ಜಿಸ್ಟ್‌ಗಳಲ್ಲಿ 'ಕಿಟ್' ಎಂಬ ಜೀನ್‌ನ ಸ್ವಿಚ್ ಆನ್ ಆಗಿಯೇ ಕೂತುಬಿಟ್ಟಿರುತ್ತದೆ. ಈ ಮಾತ್ರೆ ಅದನ್ನು ಆಫ್ ಮಾಡುತ್ತದೆ. 2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದರ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದು ನಿಮಗೆ ನೆನಪಿರಬಹುದು. ಇಲ್ಲಿ ಜೆನೆರಿಕ್ ಮಾತ್ರೆ ಕಡಿಮೆ ಬೆಲೆಗೆ ಸಿಗುವುದಕ್ಕೆ ಅದೂ ಒಂದು ಕಾರಣ.

ಆದರೆ ಅಪ್ಪಾಜಿಗೆ ಇದು ಬೇಕೇ? ಆಪರೇಷನ್ ನಂತರದ ವರದಿಯಲ್ಲಿ 'ಮೈಟೋಟಿಕ್ ಕೌಂಟ್' ಎಂಬ ಸಾಲು ನೋಡಿ. ಕೋಶಗಳು ಎಷ್ಟು ಬೇಗ ಒಡೆದು ಎರಡಾಗುತ್ತಿವೆ ಎಂಬ ಲೆಕ್ಕ ಅದು. ಜಠರದ 6 ಸೆಂ.ಮೀ. ಗಡ್ಡೆಯಲ್ಲಿ ಅದು 5ರೊಳಗಿದ್ದರೆ ಮರಳಿ ಬರುವ ಅಪಾಯ ಕಡಿಮೆ. ಆಗ ಮಾತ್ರೆ ಬೇಕಾಗುವುದಿಲ್ಲ, ಆಗಾಗ ಸ್ಕ್ಯಾನ್ ಮಾಡಿಸಿದರೆ ಆಯಿತು. 5 ದಾಟಿದರೆ, ಅಥವಾ ಗಡ್ಡೆ ಒಡೆದಿದ್ದರೆ, ದಿನಕ್ಕೆ 400 ಮಿ.ಗ್ರಾಂ.ನಂತೆ ಮೂರು ವರ್ಷ ಕೊಡುವುದು ರೂಢಿ.

ಮಾತ್ರೆ ಶುರು ಮಾಡುವ ಮೊದಲು ಜೀನ್ ಪರೀಕ್ಷೆ ಕೇಳಿ. 'ಡಿ842ವಿ' ಎಂಬ ಬದಲಾವಣೆ ಇರುವ ಗಡ್ಡೆ ಇಮ್ಯಾಟಿನಿಬ್‌ಗೆ ಜಗ್ಗುವುದೇ ಇಲ್ಲ. ಅದು ಜಠರದ ಜಿಸ್ಟ್‌ನಲ್ಲೇ ಜಾಸ್ತಿ. ಪರೀಕ್ಷೆಗೆ ದುಡ್ಡೇಕೆ ಎಂದು ಬಿಟ್ಟು ಮೂರು ವರ್ಷ ದಂಡಕ್ಕೆ ಮಾತ್ರೆ ನುಂಗುವುದು ಯಾವ ಲೆಕ್ಕ, ಅಲ್ವಾ?

ಮಾತ್ರೆಯನ್ನು ಊಟದ ಜೊತೆ ದೊಡ್ಡ ಲೋಟ ನೀರಿನಲ್ಲಿ ನುಂಗಬೇಕು. ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಳ್ಳುವುದು, ಮೀನಖಂಡ ಹಿಡಿದುಕೊಳ್ಳುವುದು ಮಾಮೂಲು. ಗ್ರೇಪ್‌ಫ್ರೂಟ್ ಬೇಡ, ಅದರ ಬಳಗದ ಚಕ್ಕೋತವನ್ನೂ ನಾನು ಬಿಡಿಸುತ್ತೇನೆ. ಆರಾಮಾಗಿದ್ದೇನೆ ಎಂದು ತಾವಾಗಿಯೇ ನಿಲ್ಲಿಸುವವರೇ ನನಗೆ ತಲೆನೋವು.

ಈಗ ಮಾಡಬೇಕಾದ್ದು: ಸ್ಕ್ಯಾನಿನ ಸಿ.ಡಿ., ಬಯಾಪ್ಸಿಯ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆದು, ಕ್ಯಾನ್ಸರ್ ಸರ್ಜನ್ ಇರುವ ಆಸ್ಪತ್ರೆಗೆ ಈ ವಾರವೇ ಹೋಗಿ. ಅಷ್ಟರೊಳಗೆ ಡಾಂಬರಿನಂಥ ಅಂಟು ಮಲ ಮತ್ತೆ ಕಂಡರೆ, ತಲೆಸುತ್ತು ಬಂದರೆ, ಗಡ್ಡೆಯಿಂದ ರಕ್ತ ಸೋರುತ್ತಿರಬಹುದು, ಕಾಯಬೇಡಿ. ರಾತ್ರಿಯಾದರೂ ಹತ್ತಿರದ ಆಸ್ಪತ್ರೆಗೆ ಹೊರಡಿ. ಮಂಡಿನೋವಿಗೆಂದು ನೋವಿನ ಮಾತ್ರೆ ನುಂಗುತ್ತಿದ್ದರೆ ಅದರಿಂದಲೂ ರಕ್ತ ಸೋರಬಹುದು, ಡಾಕ್ಟರಿಗೆ ತಪ್ಪದೇ ಹೇಳಿ.